ಲಕ್ವದ ಹಿಂದಿನ ಗ್ರಂಥಿ: ಪಾರ್ಶ್ವವಾಯು, ರಕ್ತದೊತ್ತಡ ಮತ್ತು ಕಾರಣಶೋಧದ ಚರಿತ್ರೆ

ಭೀಮಾ ಮತ್ತು ಕೃಷ್ಣಾ ನದಿಗಳ ನಡುವೆ ಹರಡಿರುವ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯಲ್ಲಿ ಪಾರ್ಶ್ವವಾಯುವಿಗೆ ‘ಲಕ್ವ’ ಎಂಬುದೇ ರೂಢಿಯ ಹೆಸರು. ಅರಬ್ಬಿ ಮೂಲದ ಈ ಪದಕ್ಕೆ ಯುನಾನಿ ವೈದ್ಯದಲ್ಲಿ ಮುಖ ಸೊಟ್ಟಗಾಗುವ ವ್ಯಾಧಿ ಎಂದರ್ಥ; ದೇಹದ ಒಂದು ಭಾಗವೇ ಬಿದ್ದುಹೋಗುವ ವ್ಯಾಧಿಯನ್ನು ಅಲ್ಲಿ ‘ಫಾಲಿಜ್’ ಎಂದು ಬೇರೆಯಾಗಿ ಕರೆಯಲಾಗಿದೆ. ಆಯುರ್ವೇದವೂ ಮೊದಲನೆಯದನ್ನು ‘ಅರ್ದಿತ’ ಎಂದೂ ಎರಡನೆಯದನ್ನು ‘ಪಕ್ಷವಧ’ ಅಥವಾ ‘ಪಕ್ಷಾಘಾತ’ ಎಂದೂ ವಿಂಗಡಿಸಿದೆ. ಜನಬಳಕೆಯಲ್ಲಿ ಮಾತ್ರ ಇವೆರಡೂ ‘ಲಕ್ವ’ ಎಂಬ ಒಂದೇ ಹೆಸರಿನಲ್ಲಿ ಸೇರಿಹೋಗಿವೆ. ಇಂಥದೇ ಇನ್ನೊಂದು ಸಂಗತಿ ಇಪ್ಪತ್ತನೆಯ ಶತಮಾನದಲ್ಲಿ ನಡೆಯಿತು. ಲಕ್ವಕ್ಕೆ ಕಾರಣವೇನೆಂದು ಕೇಳಿದರೆ ಇಂದು ಬರುವ ಉತ್ತರ ‘ಬಿ.ಪಿ. ಏರಿತ್ತು’ ಎಂಬುದು. ಬಿ.ಪಿ. ಏಕೆ ಏರಿತ್ತು ಎಂಬ ಮುಂದಿನ ಪ್ರಶ್ನೆ ಸಾಮಾನ್ಯವಾಗಿ ಹುಟ್ಟುವುದಿಲ್ಲ. ಆ ಪ್ರಶ್ನೆಗೆ ವೈದ್ಯವಿಜ್ಞಾನವು ಕಂಡುಕೊಂಡ ಉತ್ತರಗಳಲ್ಲಿ ನಿರ್ನಾಳ ಗ್ರಂಥಿಗಳ ಪಾತ್ರ ಹಿರಿದು.

ಕಾರಣವನ್ನು ವಿಂಗಡಿಸಿ ನೋಡುವ ಕ್ರಮ ಈ ನೆಲಕ್ಕೆ ಹೊಸದಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದ ವಾತವ್ಯಾಧಿ ಪ್ರಕರಣವು ವಾತದ ಪ್ರಕೋಪಕ್ಕೆ ಧಾತುಗಳ ಕ್ಷಯ ಮತ್ತು ಮಾರ್ಗದ ಆವರಣ ಎಂಬ ಎರಡು ಕಾರಣಗಳನ್ನು ಹೇಳುತ್ತದೆ. ಇದನ್ನು ಆಧುನಿಕ ಶರೀರಶಾಸ್ತ್ರದೊಡನೆ ಸಮೀಕರಿಸುವುದು ಸರಿಯಲ್ಲವಾದರೂ, ಒಂದೇ ಲಕ್ಷಣದ ಹಿಂದೆ ಬೇರೆ ಬೇರೆ ಮೂಲಗಳಿರಬಹುದೆಂಬ ಎಚ್ಚರ ಅಲ್ಲಿರುವುದು ಗಮನಾರ್ಹ. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ಸಮಕಾಲೀನ ಶರಣರಲ್ಲಿ ವೈದ್ಯ ಸಂಗಣ್ಣನೂ ಒಬ್ಬ. ವ್ಯಾಧಿ ಮತ್ತು ಔಷಧಗಳ ಪರಿಭಾಷೆ ಅವನ ವಚನಗಳಲ್ಲಿ ಸಹಜವಾಗಿ ಬೆರೆತಿದೆ. ಹನ್ನೆರಡನೆಯ ಶತಮಾನದ ಕನ್ನಡಕ್ಕೆ ವೈದ್ಯದ ನುಡಿ ಎಷ್ಟು ಹತ್ತಿರವಾಗಿತ್ತೆಂಬುದಕ್ಕೆ ಇದು ಸಾಕ್ಷಿ.

ಪಾರ್ಶ್ವವಾಯುವಿನ ನೆಲೆ ಮಿದುಳಿನ ರಕ್ತನಾಳಗಳಲ್ಲಿದೆ ಎಂಬುದನ್ನು ಯುರೋಪಿನಲ್ಲಿ ಶವಪರೀಕ್ಷೆಗಳ ಆಧಾರದಿಂದ ತೋರಿಸಿಕೊಟ್ಟವನು ಸ್ವಿಟ್ಜರ್‌ಲೆಂಡಿನ ಯೋಹಾನ್ ಯಾಕೋಬ್ ವೆಪ್ಫರ್. ಅವನ ಗ್ರಂಥ 1658ರಲ್ಲಿ ಪ್ರಕಟವಾಯಿತು. ಆದರೆ ನಾಳದೊಳಗಿನ ಒತ್ತಡವನ್ನು ರೋಗಿಯ ಹಾಸಿಗೆಯ ಬಳಿಯಲ್ಲೇ ಸುಲಭವಾಗಿ ಅಳೆಯಲು ಮತ್ತೆ ಎರಡು ಶತಮಾನಗಳಿಗೂ ಹೆಚ್ಚು ಕಾಲ ಹಿಡಿಯಿತು. ಇಟಲಿಯ ರಿವಾ-ರೋಚಿ 1896ರಲ್ಲಿ ತೋಳಿಗೆ ಸುತ್ತುವ ಪಟ್ಟಿಯ ಮಾಪಕವನ್ನು ರೂಪಿಸಿದ. ರಷ್ಯದ ಕೊರೊಟ್ಕಾಫ್ 1905ರಲ್ಲಿ ನಾಳದ ಸದ್ದನ್ನು ಆಲಿಸಿ ಅಳೆಯುವ ವಿಧಾನವನ್ನು ಸೇರಿಸಿದ. ತಾಲ್ಲೂಕು ಆಸ್ಪತ್ರೆಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ವಿಧಾನದ ಮೂಲ ಇದೇ.

ಈ ಚರಿತ್ರೆಯಲ್ಲಿ ಅಮೆರಿಕದ ಶಸ್ತ್ರವೈದ್ಯ ಹಾರ್ವೆ ಕುಶಿಂಗ್‌ನ ಹೆಸರು ಎರಡು ಕಡೆ ಬರುತ್ತದೆ. ತಲೆಬುರುಡೆಯೊಳಗಿನ ಒತ್ತಡ ಹೆಚ್ಚಿದರೆ ದೇಹದ ರಕ್ತದೊತ್ತಡವೂ ಏರುತ್ತದೆ ಎಂಬುದನ್ನು ಅವನು 1901ರ ಸುಮಾರಿಗೆ ಪ್ರಯೋಗಗಳಿಂದ ತೋರಿಸಿದ. ಅದೇ ಕುಶಿಂಗ್ 1932ರಲ್ಲಿ ಪಿಟ್ಯುಟರಿ ಗ್ರಂಥಿಯ ಗಡ್ಡೆಯಿಂದ ಮುಖ ಊದಿ, ಬೊಜ್ಜು ಬೆಳೆದು, ರಕ್ತದೊತ್ತಡ ಏರುವ ವ್ಯಾಧಿಯನ್ನು ವಿವರಿಸಿದ. ಮಿದುಳಿನ ಪೆಟ್ಟು ಒತ್ತಡವನ್ನು ಏರಿಸಬಲ್ಲದು. ಗ್ರಂಥಿಯೊಂದು ಒತ್ತಡವನ್ನು ಏರಿಸಿ, ಆ ಮೂಲಕ ಮಿದುಳಿಗೆ ಪೆಟ್ಟು ಕೊಡಬಲ್ಲದು. ಲಕ್ವ ಹೊಡೆದವರಲ್ಲಿ ಕಾಣುವ ಏರೊತ್ತಡವನ್ನು ಅರ್ಥೈಸುವಾಗ ಈ ಎರಡೂ ದಿಕ್ಕುಗಳನ್ನು ನೆನಪಿನಲ್ಲಿಡಬೇಕಾಗುತ್ತದೆ.

ಗ್ರಂಥಿಗಳ ಕಡೆಯ ಶೋಧ ಇದಕ್ಕೂ ಮೊದಲೇ ಆರಂಭವಾಗಿತ್ತು. ಮೂತ್ರಪಿಂಡದ ನೆತ್ತಿಯ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿ ಕೆಟ್ಟರೆ ಮನುಷ್ಯ ಕ್ಷೀಣಿಸಿ ಸಾಯುತ್ತಾನೆಂದು ಲಂಡನ್ನಿನ ಥಾಮಸ್ ಆಡಿಸನ್ 1855ರಲ್ಲಿ ತೋರಿಸಿದ್ದ. ಅದೇ ಗ್ರಂಥಿಯ ಸಾರ ರಕ್ತದೊತ್ತಡವನ್ನು ತಟ್ಟನೆ ಏರಿಸುತ್ತದೆಂಬುದನ್ನು 1894ರಲ್ಲಿ ಆಲಿವರ್ ಮತ್ತು ಶೇಫರ್ ಕಂಡರು. ಸ್ಟಾಕ್‌ಹೋಮಿನ ಟೀಗರ್‌ಸ್ಟೆಟ್ ಮತ್ತು ಬೆರ್ಗ್‌ಮನ್ 1898ರಲ್ಲಿ ಮೂತ್ರಪಿಂಡದಿಂದ ‘ರೆನಿನ್’ ಎಂಬ ವಸ್ತುವನ್ನು ಬೇರ್ಪಡಿಸಿದರು. ಇದು ಮೂವತ್ತಾರು ವರ್ಷ ಬಹುತೇಕ ಮರೆತೇಹೋಗಿತ್ತು. 1934ರಲ್ಲಿ ಹ್ಯಾರಿ ಗೋಲ್ಡ್‌ಬ್ಲಾಟ್ ನಾಯಿಗಳ ಮೂತ್ರಪಿಂಡದ ಅಪಧಮನಿಯನ್ನು ಕಿರಿದುಗೊಳಿಸಿ ಏರೊತ್ತಡವನ್ನು ಉಂಟುಮಾಡಿದ ಮೇಲೆ ಅದಕ್ಕೆ ಮತ್ತೆ ಮಹತ್ವ ಬಂದಿತು.

ನಿರ್ಣಾಯಕ ಹಂತ ಬಂದುದು ಐವತ್ತರ ದಶಕದಲ್ಲಿ. ಸಿಂಪ್ಸನ್ ಮತ್ತು ಟೇಟ್ ತಮ್ಮ ಸಹೋದ್ಯೋಗಿಗಳೊಡನೆ 1953ರಲ್ಲಿ ಅಡ್ರಿನಲ್ ಗ್ರಂಥಿಯಿಂದ ‘ಆಲ್ಡೊಸ್ಟಿರೋನ್’ ಎಂಬ ಹಾರ್ಮೋನನ್ನು ಪ್ರತ್ಯೇಕಿಸಿದರು. ದೇಹದಲ್ಲಿ ಉಪ್ಪನ್ನು ಹಿಡಿದಿಟ್ಟು ಪೊಟ್ಯಾಸಿಯಮ್ಮನ್ನು ಹೊರಹಾಕುವುದು ಇದರ ಕೆಲಸ. ಮರುವರ್ಷವೇ ಮಿಷಿಗನ್ ವಿಶ್ವವಿದ್ಯಾಲಯದ ಜೆರೋಮ್ ಕಾನ್, ಸ್ನಾಯುದೌರ್ಬಲ್ಯ ಮತ್ತು ಏರೊತ್ತಡಗಳಿಂದ ಬಳಲುತ್ತಿದ್ದ 34 ವರ್ಷದ ಮಹಿಳೆಯೊಬ್ಬಳಲ್ಲಿ ಈ ಹಾರ್ಮೋನಿನ ಅತಿಸ್ರಾವವನ್ನು ಗುರುತಿಸಿದ. ಗ್ರಂಥಿಯಲ್ಲಿದ್ದ ಗಡ್ಡೆಯನ್ನು ತೆಗೆದ ಮೇಲೆ ಆಕೆಯ ವ್ಯಾಧಿ ಶಮನವಾಯಿತು. ‘ಕಾನ್ ಲಕ್ಷಣಕೂಟ’ ಎಂದು ಹೆಸರಾದ ಈ ವಿವರ 1955ರಲ್ಲಿ ಪ್ರಕಟವಾಯಿತು. ಜೀವನಪರ್ಯಂತ ಹೊರಬೇಕಾದುದೆಂದು ತಿಳಿದಿದ್ದ ಏರೊತ್ತಡದಲ್ಲಿ ವಾಸಿಯಾಗಬಲ್ಲ ಒಂದು ಬಗೆಯೂ ಇದೆ ಎಂಬುದು ಇದರಿಂದ ದೃಢಪಟ್ಟಿತು.

ಆ ಕಾಲಕ್ಕೆ ವಿಜಯಪುರ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಏರೊತ್ತಡದ ಚಿಕಿತ್ಸೆಯಲ್ಲಿ ಭಾರತ ಜಗತ್ತಿಗೆ ಕೊಟ್ಟ ಕಾಣಿಕೆಯೂ ಅದೇ ಮುಂಬಯಿಯ ಮೂಲಕ ಹೊರಬಿದ್ದಿತು. ಸರ್ಪಗಂಧಿ ಬೇರಿನ ಗುಣವನ್ನು 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ವರದಿ ಮಾಡಿದ್ದರು. ಮುಂಬಯಿಯ ಹೃದ್ರೋಗತಜ್ಞ ರುಸ್ತುಂ ಜಾಲ್ ವಕೀಲ್ 1949ರಲ್ಲಿ ತಮ್ಮ ರೋಗಿಗಳ ಅನುಭವವನ್ನು ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಈ ಬೇರು ಜಗತ್ತಿನ ಗಮನ ಸೆಳೆಯಿತು. 1952ರಲ್ಲಿ ಅದರಿಂದ ರೆಸರ್ಪಿನ್ ಪ್ರತ್ಯೇಕಗೊಂಡಿತು. ನರಗಳ ತುದಿಯಲ್ಲೂ ಅಡ್ರಿನಲ್ ಗ್ರಂಥಿಯಲ್ಲೂ ಸಂಗ್ರಹವಾಗಿರುವ ಅಡ್ರಿನಲಿನ್ ವರ್ಗದ ವಸ್ತುಗಳನ್ನು ಅದು ಬರಿದುಮಾಡುತ್ತದೆಂಬುದು ಆ ದಶಕದಲ್ಲೇ ತಿಳಿಯಿತು. ನಾಡಬೇರು ಮತ್ತು ಗ್ರಂಥಿವಿಜ್ಞಾನ ಹೀಗೆ ಒಂದೆಡೆ ಕೂಡಿದವು.

ಶೋಧದ ಫಲ ಹಳ್ಳಿಯನ್ನು ಮುಟ್ಟುವ ದಾರಿ ಮಾತ್ರ ದೀರ್ಘವಾಗಿತ್ತು. ಹೆಚ್ಚಿನ ಚಿಕಿತ್ಸೆಗೆ ಈ ಸೀಮೆಯ ಜನ ಸೊಲ್ಲಾಪುರ, ಮೀರಜಗಳ ಕಡೆ ಹೋಗುವುದು ವಾಡಿಕೆಯಾಗಿತ್ತು. 1956ರ ಏಕೀಕರಣದ ಮರುವರ್ಷ ಹುಬ್ಬಳ್ಳಿಯಲ್ಲಿ ವೈದ್ಯಕೀಯ ಕಾಲೇಜು ಸ್ಥಾಪನೆಯಾಯಿತು. ವಿಜಯಪುರ ನಗರದಲ್ಲಿ 1984ರಲ್ಲಿ ಅಲ್-ಅಮೀನ್ ವೈದ್ಯಕೀಯ ಕಾಲೇಜೂ, 1986ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ವೈದ್ಯಕೀಯ ಕಾಲೇಜೂ ಆರಂಭವಾದವು. ವಚನಸಂಪಾದಕ ಫ.ಗು. ಹಳಕಟ್ಟಿಯವರು 1910ರಲ್ಲಿ ಹುಟ್ಟುಹಾಕಿದ ಶಿಕ್ಷಣ ಸಂಸ್ಥೆಯ ಬೆಳವಣಿಗೆಯಲ್ಲಿ ಈ ವೈದ್ಯಕೀಯ ಶಾಖೆಯೂ ಒಂದು ಘಟ್ಟ.

ಗ್ರಂಥಿಗೂ ಲಕ್ವಕ್ಕೂ ಇರುವ ನಂಟನ್ನು ಅಂಕಿಗಳಲ್ಲಿ ಹಿಡಿದುದು ಇತ್ತೀಚಿನ ದಶಕಗಳ ಕೆಲಸ. 1981ರಲ್ಲಿ ವ್ಯಾಲೆಸ್ ಮತ್ತು ಲೆವಿ ಪರಿಶೀಲಿಸಿದ 334 ಪಾರ್ಶ್ವವಾಯು ರೋಗಿಗಳಲ್ಲಿ ದಾಖಲಾದ ದಿನ ಶೇಕಡಾ 84 ಮಂದಿಗೆ ಏರೊತ್ತಡವಿತ್ತು. ಹತ್ತು ದಿನ ಕಳೆದಾಗ ಅದು ಉಳಿದುದು ಸುಮಾರು ಮೂರನೆಯ ಒಂದು ಭಾಗದವರಲ್ಲಿ ಮಾತ್ರ. ಮೊದಲ ದಿನಗಳ ಏರಿಕೆಯಲ್ಲಿ ಮಿದುಳಿನ ಪೆಟ್ಟಿನದೂ ಆ ಹೊತ್ತಿನಲ್ಲಿ ಉಕ್ಕುವ ಕಾರ್ಟಿಸಾಲ್, ಅಡ್ರಿನಲಿನ್‌ಗಳದೂ ಪಾಲಿದೆ. ಆದ್ದರಿಂದ ಗ್ರಂಥಿದೋಷದ ಪರೀಕ್ಷೆಯನ್ನು ಆ ಗೊಂದಲದಲ್ಲಿ ನಡೆಸಿದರೆ ಫಲಿತಾಂಶ ದಾರಿ ತಪ್ಪಿಸಬಹುದು. ಕೆಲವು ವಾರಗಳ ನಂತರ ನಡೆಸುವುದು ಯುಕ್ತ. ರಕ್ತದ ಆಲ್ಡೊಸ್ಟಿರೋನ್ ಮತ್ತು ರೆನಿನ್‌ಗಳ ಅನುಪಾತವನ್ನು ಸೂಚಕವಾಗಿ ಬಳಸುವ ಕ್ರಮವನ್ನು ಜಪಾನಿನ ಹಿರಮತ್ಸು ಮತ್ತು ಸಂಗಡಿಗರು ಮುಂದಿಟ್ಟದ್ದೂ 1981ರಲ್ಲೇ. ಫ್ರಾನ್ಸಿನ ಮಿಲ್ಲಿಯೆ ಮತ್ತು ಸಂಗಡಿಗರ 2005ರ ಅಧ್ಯಯನದಲ್ಲಿ ಆಲ್ಡೊಸ್ಟಿರೋನ್ ಅತಿಸ್ರಾವವಿದ್ದವರ ಪೈಕಿ ಶೇಕಡಾ 12.9 ಮಂದಿಗೆ ಪಾರ್ಶ್ವವಾಯು ಬಡಿದಿತ್ತು. ಸಾಮಾನ್ಯ ಏರೊತ್ತಡದವರಲ್ಲಿ ಈ ಪ್ರಮಾಣ ಶೇಕಡಾ 3.4 ಮಾತ್ರ. 31 ಅಧ್ಯಯನಗಳನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆಯೂ ಈ ಅಪಾಯ ಎರಡೂವರೆ ಪಟ್ಟು ಹೆಚ್ಚೆಂದು ಕಂಡಿತು. ಅಪರೂಪವೆಂದು ತಿಳಿದಿದ್ದ ಈ ದೋಷ ಏರೊತ್ತಡವುಳ್ಳ ನೂರರಲ್ಲಿ ಐದರಿಂದ ಹತ್ತು ಮಂದಿಗೆ ಇರಬಹುದೆಂಬುದು ಇಂದಿನ ತಿಳಿವಳಿಕೆ. ಏರೊತ್ತಡವುಳ್ಳ ಎಲ್ಲರನ್ನೂ ಇದಕ್ಕಾಗಿ ಪರೀಕ್ಷಿಸಬೇಕೆಂದು ಅಂತರರಾಷ್ಟ್ರೀಯ ನಿರ್ನಾಳ ಗ್ರಂಥಿತಜ್ಞರ ಸಂಘವು 2025ರಲ್ಲಿ ಸಲಹೆ ನೀಡಿತು.

ಈ ನಾಲ್ಕು ತಾಲ್ಲೂಕುಗಳ ಬದುಕಿಗೆ ಈ ಚರಿತ್ರೆ ಹೊರಗಿನದಲ್ಲ. ಡೋಣಿ ಹೊಳೆಯ ಸವಳು ನೀರನ್ನು ಬಲ್ಲ ಜನಕ್ಕೆ ಉಪ್ಪಿನ ಮಾತು ಹೊಸದಲ್ಲ. ಆದರೆ ಆಲ್ಡೊಸ್ಟಿರೋನ್ ಹೆಚ್ಚಿದ ದೇಹ ಊಟದ ಸಾಧಾರಣ ಉಪ್ಪನ್ನೂ ಬಿಟ್ಟುಕೊಡದು. ಉಪ್ಪು ಕಡಿಮೆ ಮಾಡಿರೆಂಬ ಉಪದೇಶವೊಂದೇ ಅಂಥವರಿಗೆ ಸಾಲದು. ಗಂಧಿಗೆ ಅಂಗಡಿಯ ಜ್ಯೇಷ್ಠಮಧುವನ್ನು ಬಹುಕಾಲ ಅತಿಯಾಗಿ ಸೇವಿಸಿದರೂ ಇದೇ ಬಗೆಯ ಏರೊತ್ತಡ ಬರಬಹುದು. ಅದರಿಂದ ರೋಗಿಗಳ ಮೈಯಲ್ಲಿ ನೀರು ತುಂಬುವುದನ್ನು ಹಾಲೆಂಡಿನ ವೈದ್ಯ ರೇವರ್ಸ್ 1946ರಲ್ಲೇ ದಾಖಲಿಸಿದ್ದ. ಕೀಲುನೋವಿಗೆಂದು ಸಲಹೆಯಿಲ್ಲದೆ ನುಂಗುವ ಸ್ಟಿರಾಯ್ಡ್ ಗುಳಿಗೆಗಳು ಕುಶಿಂಗ್ ವಿವರಿಸಿದ ವ್ಯಾಧಿಯನ್ನೇ ತಂದಿಡಬಲ್ಲವು. ನಲವತ್ತರೊಳಗೆ ಲಕ್ವ ಬಡಿದವರು, ಮೂರು ಬಗೆಯ ಗುಳಿಗೆಗಳಿಗೂ ಒತ್ತಡ ಇಳಿಯದವರು, ರಕ್ತದಲ್ಲಿ ಪೊಟ್ಯಾಸಿಯಂ ಕುಗ್ಗಿದವರು, ತಲೆನೋವು, ಬೆವರು, ಎದೆಬಡಿತಗಳ ಸರಣಿಗೆ ಆಗಾಗ ಒಳಗಾಗುವವರು ಗ್ರಂಥಿಪರೀಕ್ಷೆಗೆ ಮೊದಲು ಅರ್ಹರು. ಮೂಲ ತಿಳಿದರೆ ಗಡ್ಡೆಯನ್ನು ತೆಗೆಯುವ ಅಥವಾ ಐವತ್ತರ ದಶಕದ ಕೊನೆಗೆ ರೂಪುಗೊಂಡ ಸ್ಪೈರೊನೊಲ್ಯಾಕ್ಟೋನ್‌ನಂಥ ಔಷಧದಿಂದ ಹಾರ್ಮೋನನ್ನು ತಡೆಯುವ ಮಾರ್ಗ ತೆರೆದಿದೆ.

ಅರ್ದಿತವನ್ನೂ ಪಕ್ಷವಧವನ್ನೂ ಬೇರೆಯೆಂದು ಕಂಡ ಹಳೆಯ ವೈದ್ಯರು ಹೆಸರಿನ ಹಿಂದಿನ ಭೇದವನ್ನು ಬಿಟ್ಟುಕೊಟ್ಟಿರಲಿಲ್ಲ. ಏರೊತ್ತಡದ ವಿಷಯದಲ್ಲಿ ಅಂಥದೇ ಭೇದವನ್ನು ಆಡಿಸನ್‌ನಿಂದ ಕಾನ್‌ನವರೆಗಿನ ನೂರು ವರ್ಷಗಳ ಶೋಧ ಕಟ್ಟಿಕೊಟ್ಟಿದೆ. ಲಕ್ವ ಹೊಡೆದು ಬದುಕುಳಿದವನ ಕಡತದಲ್ಲಿ ‘ಬಿ.ಪಿ.’ ಎಂಬ ಎರಡಕ್ಷರದ ಮುಂದೆ ಅದರ ಮೂಲವೂ ದಾಖಲಾದಾಗ, ಅವನಿಗೆ ಎರಡನೆಯ ಆಘಾತ ತಗಲುವ ಸಂಭವ ಕಡಿಮೆಯಾಗುತ್ತದೆ.