ಮಾಸಿದ ಕೆಂಪು: ರೋಥ್ಕೊನ ಹಾರ್ವರ್ಡ್ ಚಿತ್ರಗಳ ಕುರಿತು ಒಂದು ಟಿಪ್ಪಣಿ

ಮಾರ್ಕ್ ರೋಥ್ಕೊ (1903–1970) ತನ್ನನ್ನು ಅಮೂರ್ತ ಕಲಾವಿದನೆಂದು ಕರೆಯುವುದನ್ನು ಒಪ್ಪುತ್ತಿರಲಿಲ್ಲ. ಬಣ್ಣ ಬಣ್ಣಗಳ ಸಂಬಂಧದಲ್ಲಿ ತನಗೆ ಆಸಕ್ತಿಯಿಲ್ಲ, ದುರಂತ, ಪರವಶತೆಯಂಥ ಮೂಲ ಭಾವಗಳನ್ನು ಮುಟ್ಟುವುದಷ್ಟೇ ತನ್ನ ಗುರಿ ಎಂದು 1950ರ ದಶಕದಲ್ಲಿ ಹೇಳಿದ್ದ. ಅವನ ಕಲೆಯ ಬಗ್ಗೆ ಬರೆಯುವವರು ಈ ಮಾತನ್ನು ಇಂದಿಗೂ ಪ್ರಮಾಣವಾಗಿ ಹಿಡಿಯುತ್ತಾರೆ. ಹಾರ್ವರ್ಡ್ ವಿಶ್ವವಿದ್ಯಾಲಯಕ್ಕಾಗಿ ಅವನು ಬರೆದ ಭಿತ್ತಿಚಿತ್ರಗಳಿಗೆ ಆದ ಗತಿಯನ್ನು ಗಮನಿಸಿದರೆ ಆ ಮಾತನ್ನು ಹಾಗೆಯೇ ಒಪ್ಪುವುದು ಕಷ್ಟ ಎಂಬುದು ಈ ಟಿಪ್ಪಣಿಯ ವಾದ.

ಆ ವಿಶ್ವವಿದ್ಯಾಲಯದ ಹೋಲಿಯೋಕ್ ಸೆಂಟರ್ ಕಟ್ಟಡದ ಮೇಲಂತಸ್ತಿನ ಊಟದ ಸಭಾಂಗಣದಲ್ಲಿ 1964ರಲ್ಲಿ ಐದು ದೊಡ್ಡ ಫಲಕಗಳನ್ನು ತೂಗುಹಾಕಲಾಯಿತು. ಇವುಗಳಲ್ಲಿ ಮೂರು ಸೇರಿ ಒಂದು ತ್ರಿವಳಿ. ತ್ರಿವಳಿಯ ಕಡುಛಾಯೆ ಶುಭಶುಕ್ರವಾರದ ಕ್ರಿಸ್ತನ ಯಾತನೆಯನ್ನೂ, ಕೊನೆಯ ಫಲಕದ ಬೆಳಗು ಈಸ್ಟರ್‌ನ ಪುನರುತ್ಥಾನವನ್ನೂ ಸೂಚಿಸುತ್ತದೆಂದು ರೋಥ್ಕೊ ಹೇಳಿದ್ದು ದಾಖಲಾಗಿದೆ. ಅಂದರೆ ಇಲ್ಲಿ ಭಾವ ಒಂದೊಂದು ಫಲಕದಲ್ಲಿ ಬಿಡಿಯಾಗಿ ಕೂತಿಲ್ಲ. ಕಡುವಿನಿಂದ ಬೆಳಗಿನ ಕಡೆಗೆ ಕಣ್ಣು ನಡೆಯುವ ಹಾದಿಯಲ್ಲಿ ಅದು ಹುಟ್ಟಬೇಕು.

ಆ ಹಾದಿ ಕೆಲವೇ ವರ್ಷಗಳಲ್ಲಿ ಕೆಟ್ಟಿತು. ಹಿನ್ನೆಲೆಯ ಗಾಢ ಕೆಂಪಿಗೆ ರೋಥ್ಕೊ ಬಳಸಿದ್ದು ಲಿಥಾಲ್ ರೆಡ್ ಎಂಬ ಕೃತಕ ವರ್ಣದ್ರವ್ಯ. ಬೆಳಕಿಗೆ ಅದು ನಿಲ್ಲುವುದಿಲ್ಲ. ಸಭಾಂಗಣಕ್ಕೋ ದೊಡ್ಡ ದೊಡ್ಡ ಕಿಟಕಿಗಳು. ಪರದೆ ಎಳೆದಿರಬೇಕೆಂದು ಕಲಾವಿದ ಬಯಸಿದ್ದರೂ ಹೊರಗಿನ ನೋಟಕ್ಕಾಗಿ ಜನ ಅದನ್ನು ತೆರೆದಿಡುತ್ತಿದ್ದರು. ಕೆಂಪು ಎಲ್ಲೆಡೆ ಒಂದೇ ಸಮನೆ ಮಾಸಲೂ ಇಲ್ಲ. ಬಿಸಿಲು ಎಷ್ಟು ಬಿತ್ತು, ಜೊತೆಗೆ ಯಾವ ಬಣ್ಣ ಬೆರೆತಿತ್ತು ಎಂಬುದಕ್ಕೆ ತಕ್ಕಂತೆ ಒಂದೊಂದು ಫಲಕ ಒಂದೊಂದು ರೀತಿ ಬದಲಾಯಿತು. ಕೆಲವು ಕಡೆ ಕೆಂಪು ಹೋಗಿ ತಿಳಿನೀಲಿ ಉಳಿಯಿತು. 1979ರಲ್ಲಿ ಎಲ್ಲವನ್ನೂ ಇಳಿಸಿ ಉಗ್ರಾಣಕ್ಕೆ ಸೇರಿಸಿದರು.

ನಮ್ಮ ಓದುಗರಿಗೆ ಇಲ್ಲಿ ನಾಟ್ಯಶಾಸ್ತ್ರ ನೆನಪಾಗುವುದು ಸಹಜ. ಅಲ್ಲಿ ರೌದ್ರಕ್ಕೆ ಕೆಂಪು, ಕರುಣಕ್ಕೆ ಪಾರಿವಾಳದ ಬೂದು, ಅದ್ಭುತಕ್ಕೆ ಹಳದಿ ಎಂದು ರಸಕ್ಕೊಂದು ಬಣ್ಣ ನಿಗದಿಯಾಗಿದೆ. ಆ ಪಟ್ಟಿಯನ್ನು ರೋಥ್ಕೊನ ಮೇಲೆ ಹೇರಿ, ಕೆಂಪು ಕಂಡಲ್ಲಿ ಉಗ್ರತೆ, ಕಪ್ಪು ಕಂಡಲ್ಲಿ ಭಯ ಎಂದು ಓದುವುದು ನನಗೆ ಸರಿಕಾಣುವುದಿಲ್ಲ. ಬಣ್ಣಕ್ಕೂ ಭಾವಕ್ಕೂ ಅಂಥ ಸ್ಥಿರ ಗಂಟು ಇದ್ದಿದ್ದರೆ ಮಾಸಿದ ಫಲಕ ಒಂದು ಭಾವ ಬಿಟ್ಟು ಇನ್ನೊಂದನ್ನು ಕೊಡಬೇಕಿತ್ತು. ಆದದ್ದು ಬೇರೆ: ಫಲಕಗಳ ನಡುವಿನ ಅನುಪಾತ ಮುರಿದು, ಯಾತನೆಯಿಂದ ಪುನರುತ್ಥಾನಕ್ಕೆ ಸಾಗುವ ಕ್ರಮವೇ ಕಲಸಿಹೋಯಿತು. ಯಾವ ಸಂಬಂಧ ತನಗೆ ಮುಖ್ಯವಲ್ಲವೆಂದು ರೋಥ್ಕೊ ಹೇಳಿದ್ದನೋ, ಅವನ ಭಾವ ನಿಂತಿದ್ದದ್ದು ಅದರ ಮೇಲೆಯೇ.

ಮುಂದೆ ನಡೆದ ಪುನರುದ್ಧಾರವೂ ಇದನ್ನೇ ಸಮರ್ಥಿಸುತ್ತದೆ. ಈ ಚಿತ್ರಗಳಿಗೆ ವಾರ್ನಿಷ್ ಇಲ್ಲ. ಮೇಲೆ ಹೊಸ ಬಣ್ಣ ಬಳಿದರೆ ಅದು ಮೂಲದೊಳಗೆ ಇಂಗಿಬಿಡುತ್ತದೆ, ಮತ್ತೆ ತೆಗೆಯಲಾಗದು. ಹಾಗಾಗಿ ಸಂರಕ್ಷಕರು ಬಣ್ಣದ ಬದಲು ಬೆಳಕನ್ನು ಬಳಸಿದರು. 1964ರ ಎಕ್ಟಾಕ್ರೋಮ್ ಛಾಯಾಚಿತ್ರಗಳೂ ಮಾಸಿದ್ದವು; ಅವನ್ನು ಗಣಕದಲ್ಲಿ ಸರಿಪಡಿಸಿ, ಗೋಡೆಗೇರದೆ ಉಳಿದಿದ್ದ ಆರನೆಯ ಫಲಕದೊಂದಿಗೆ ಹೋಲಿಸಿ, ಎಲ್ಲಿ ಎಷ್ಟು ಬಣ್ಣ ಕಡಿಮೆಯಾಗಿದೆಯೋ ಅಲ್ಲಿಗೆ ಅಷ್ಟೇ ಬಣ್ಣದ ಬೆಳಕನ್ನು ಪ್ರೊಜೆಕ್ಟರ್‌ನಿಂದ ಬಿಟ್ಟರು. 2014ರ ನವೆಂಬರ್‌ನಲ್ಲಿ ಹಾರ್ವರ್ಡ್ ಕಲಾ ಸಂಗ್ರಹಾಲಯದಲ್ಲಿ ಈ ಪ್ರದರ್ಶನ ತೆರೆಯಿತು. ಪ್ರತಿದಿನ ಸಂಜೆ 4ಕ್ಕೆ ಪ್ರೊಜೆಕ್ಟರ್‌ಗಳನ್ನು ಆರಿಸಿ, ಮಾಸಿದ ಚಿತ್ರಗಳನ್ನು ಇದ್ದಂತೆಯೇ ತೋರಿಸುತ್ತಿದ್ದರು. ಈ ಪ್ರಾಮಾಣಿಕತೆಯನ್ನು ನಾನು ತುಂಬ ಗೌರವಿಸುತ್ತೇನೆ. ಪುನರುದ್ಧಾರ ಎಷ್ಟು ನಮ್ಮದು, ಚಿತ್ರ ಎಷ್ಟು ಅವನದು ಎಂಬುದನ್ನು ಪ್ರೇಕ್ಷಕನ ಕಣ್ಣಿಗೇ ಬಿಟ್ಟ ಕ್ರಮ ಅದು.

1971ರಲ್ಲಿ ತೆರೆದ ಹ್ಯೂಸ್ಟನ್‌ನ ರೋಥ್ಕೊ ಚಾಪೆಲ್‌ನಲ್ಲೂ ತೊಡಕಾದದ್ದು ಬೆಳಕೇ. ಧ್ಯಾನಕ್ಕೆಂದೇ ಕಟ್ಟಿದ ಆ ಅಷ್ಟಕೋನದ ಕೋಣೆಯ ಹದಿನಾಲ್ಕು ಚಿತ್ರಗಳಿಗೆ ಮೇಲಿನ ಬಿಸಿಲು ಹೆಚ್ಚಾಯಿತು. ಅದಕ್ಕೆ ಅಡ್ಡಕಟ್ಟಿದಾಗ ಕೋಣೆ ಮಂಕಾಯಿತು. ಛಾವಣಿಯ ಬೆಳಕಿಂಡಿಯನ್ನೇ ಹೊಸದಾಗಿ ರೂಪಿಸಿ 2020ರಲ್ಲಿ ಚಾಪೆಲ್ಲನ್ನು ಮತ್ತೆ ತೆರೆದರು.

ಆದ್ದರಿಂದ ಅಮೂರ್ತ ಚಿತ್ರದ ಬಣ್ಣ ತಮ್ಮಲ್ಲಿ ಎಬ್ಬಿಸಿದ ಭಾವದ ಬಗ್ಗೆ ಕನ್ನಡದಲ್ಲಿ ಬರೆಯುವವರಲ್ಲಿ ಒಂದು ಕೋರಿಕೆ: ಮೂಲವನ್ನು ನೋಡಿದಿರೋ ಮುದ್ರಿತ ಪ್ರತಿಯನ್ನೋ, ಯಾವ ವರ್ಷ, ಯಾವ ಬೆಳಕಿನಲ್ಲಿ ನೋಡಿದಿರಿ ಎಂಬುದನ್ನು ದಯವಿಟ್ಟು ನಮೂದಿಸಿ.