ಅಗೈಲ್: ಮದುವೆ ಮನೆಗೂ ಒದಗುವ ತಂಡಗೆಲಸದ ಕ್ರಮ

ಬೆಂಗಳೂರು: ಕೆಲಸವನ್ನು ಸಣ್ಣ ಕಂತುಗಳಾಗಿ ವಿಂಗಡಿಸಿ, ಪ್ರತಿ ಕಂತಿನ ಫಲವನ್ನು ಬಳಸುವವರಿಗೆ ತೋರಿಸಿ, ಮುಂದಿನ ಹೆಜ್ಜೆಯನ್ನು ತಿದ್ದಿಕೊಳ್ಳುವ ಕ್ರಮವೇ ‘ಅಗೈಲ್’. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾದಲ್ಲಿ ಸೇರಿದ್ದ 17 ಸಾಫ್ಟ್‌ವೇರ್ ತಜ್ಞರು ಇದರ ಪ್ರಣಾಳಿಕೆ ರಚಿಸಿದರು.

ಇದರೊಂದಿಗೆ ಬಳಸುವ ‘ಕಾನ್‌ಬಾನ್’ ಚೀಟಿ ಪದ್ಧತಿ ಹುಟ್ಟಿದ್ದು ಜಪಾನಿನ ಟೊಯೊಟಾ ಕಾರ್ಖಾನೆಯಲ್ಲಿ. ಬಿಡದಿಯಲ್ಲಿ 1999ರಲ್ಲಿ ಉತ್ಪಾದನೆ ಆರಂಭಿಸಿದ್ದು ಅದೇ ಸಂಸ್ಥೆಯ ಘಟಕ.

ವಸಂತಪುರದ ಮನೆಯೊಂದರ ಮದುವೆ ಸಿದ್ಧತೆಗೂ ಈ ಕ್ರಮ ಒಗ್ಗುತ್ತದೆ. ಛತ್ರ, ಅಡುಗೆಯವರು, ಲಗ್ನಪತ್ರಿಕೆ: ಒಂದೊಂದಕ್ಕೂ ಒಂದು ಚೀಟಿ. ಗೋಡೆಯ ಮೇಲೆ ‘ಆಗಬೇಕಾದದ್ದು, ನಡೆಯುತ್ತಿರುವುದು, ಮುಗಿದದ್ದು’ ಎಂಬ ಮೂರು ಅಂಕಣ. ನಡುವಿನ ಅಂಕಣಕ್ಕೆ ಮಿತಿ ಹಾಕುವುದೇ ಗುಟ್ಟು. ಕೈಯಲ್ಲಿರುವುದು ಮುಗಿಯದೆ ಹೊಸದನ್ನು ಎತ್ತಿಕೊಳ್ಳುವಂತಿಲ್ಲ. ನಿತ್ಯ 15 ನಿಮಿಷದ ಸಭೆ ಇರುವುದು ಅಡಚಣೆ ಹೇಳಿಕೊಳ್ಳಲು. ಅದು ಹಿರಿಯರಿಗೆ ಲೆಕ್ಕ ಒಪ್ಪಿಸುವ ಸಭೆಯಾದರೆ ತೊಡಕುಗಳು ಮುಚ್ಚಿಹೋಗುತ್ತವೆ. ಮುಹೂರ್ತವಂತೂ ಕಾಯದು, ಸಮಯ ಸಾಲದಿದ್ದರೆ ಬಿಡಬೇಕಾದದ್ದು ಅಷ್ಟೇನೂ ಮುಖ್ಯವಲ್ಲದ ಚೀಟಿಯನ್ನು.