ಮನೆಯ ಜಾಲ ಕ್ಯಾಮೆರಾ: ಬಳ್ಳಾರಿ, ಸಿರುಗುಪ್ಪ, ಕುರುಗೋಡು ಪರಿಸರದಲ್ಲಿ ಅಳವಡಿಕೆ ಮತ್ತು ಬಳಕೆ

ಮನೆಯ ಜಾಲ ಕ್ಯಾಮೆರಾ ಎಂಬುದು ಲೆನ್ಸಿನ ಮುಂದಿನ ದೃಶ್ಯವನ್ನು ತನ್ನೊಳಗೇ ಡಿಜಿಟಲ್ ರೂಪಕ್ಕಿಳಿಸಿ, ಅದರ ಗಾತ್ರವನ್ನು ಕುಗ್ಗಿಸಿ, ಮನೆಯ ಇಂಟರ್‌ನೆಟ್ ಜಾಲದ ಮೂಲಕ ರೆಕಾರ್ಡರಿಗೋ ಮೊಬೈಲಿಗೋ ಕಳುಹಿಸುವ ಕಾವಲು ಸಾಧನ. ಜನಬಳಕೆಯಲ್ಲಿ ಇದೂ ಹಳೆಯ ಬಗೆಯದೂ ಒಟ್ಟಾಗಿ ಸಿಸಿ ಕ್ಯಾಮೆರಾ ಎನಿಸಿಕೊಂಡಿವೆಯಾದರೂ ಎರಡರ ನಡುವಿನ ವ್ಯತ್ಯಾಸ ಮನೆಯವರ ಹೊಣೆಯನ್ನೇ ಬದಲಿಸುವಷ್ಟು ದೊಡ್ಡದು. ಹಳೆಯ ಬಗೆಯಲ್ಲಿ ಕ್ಯಾಮೆರಾದಿಂದ ಹೊರಟ ತಂತಿ ಡಿವಿಆರ್ ಎಂಬ ದಾಖಲೆ ಪೆಟ್ಟಿಗೆಗೆ ಬಂದು ಮುಗಿಯುತ್ತದೆ. ಆ ಪೆಟ್ಟಿಗೆಯನ್ನು ಇಂಟರ್‌ನೆಟ್ಟಿಗೆ ಜೋಡಿಸದಿದ್ದರೆ ದೃಶ್ಯ ಮನೆಯ ಗೋಡೆ ದಾಟುವುದಿಲ್ಲ. ಜಾಲ ಕ್ಯಾಮೆರಾ ಹಾಗಲ್ಲ. ಅದು ಸ್ವತಃ ಒಂದು ಚಿಕ್ಕ ಕಂಪ್ಯೂಟರಾಗಿದ್ದು, ಜಾಲದಲ್ಲಿ ತನ್ನದೇ ವಿಳಾಸವನ್ನೂ ತನ್ನದೇ ತಂತ್ರಾಂಶವನ್ನೂ ಪಾಸ್‌ವರ್ಡನ್ನೂ ಹೊಂದಿರುವುದರಿಂದ, ಊರಾಚೆಯಿಂದ ಮನೆಯನ್ನು ನೋಡಿಕೊಳ್ಳಲು ಯಜಮಾನನಿಗೆ ತೆರೆದುಕೊಂಡ ದಾರಿಯಲ್ಲೇ ಅಪರಿಚಿತನೂ ಒಳಗೆ ಇಣುಕಬಲ್ಲ. ಆದ್ದರಿಂದ ಕ್ಯಾಮೆರಾವನ್ನು ಗೋಡೆಗೆ ಬಿಗಿಯುವ ಕೆಲಸಕ್ಕಿಂತ ಅದನ್ನು ಜಾಲದಲ್ಲಿ ಭದ್ರವಾಗಿ ಕೂರಿಸುವ ಕೆಲಸವೇ ಮುಖ್ಯವಾದುದು.

ಸ್ವೀಡನ್ನಿನ ಆಕ್ಸಿಸ್ ಕಂಪನಿ 1996ರಲ್ಲಿ ಹೊರತಂದ ನೆಟ್‌ಐ 200 ಈ ಬಗೆಯ ಮೊದಲ ಕ್ಯಾಮೆರಾ. ಬೇರೆ ಬೇರೆ ತಯಾರಕರ ಕ್ಯಾಮೆರಾ ಮತ್ತು ರೆಕಾರ್ಡರುಗಳು ಪರಸ್ಪರ ಹೊಂದಿಕೊಳ್ಳಲೆಂದು ಆಕ್ಸಿಸ್, ಬಾಷ್ ಮತ್ತು ಸೋನಿ ಸೇರಿ 2008ರಲ್ಲಿ ಆನ್‌ವಿಫ್ ಎಂಬ ಸಾಮಾನ್ಯ ಮಾನದಂಡಕ್ಕೆ ಅಡಿಪಾಯ ಹಾಕಿದವು. ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಆನ್‌ವಿಫ್ ಎಂಬ ಗುರುತಿದ್ದರೆ, ಮುಂದೆ ಆ ತಯಾರಕರು ವ್ಯವಹಾರ ನಿಲ್ಲಿಸಿದರೂ ಕ್ಯಾಮೆರಾವನ್ನು ಬೇರೊಂದು ರೆಕಾರ್ಡರಿಗೆ ಜೋಡಿಸಿಕೊಳ್ಳಬಹುದು.

ಬಳ್ಳಾರಿ ನಗರದಲ್ಲಿ ಈ ಸಾಧನ ಎದುರಿಸಬೇಕಾದ ಮೊದಲ ಎದುರಾಳಿ ಕಳ್ಳನಲ್ಲ, ಬಿಸಿಲು. ಬೇಸಿಗೆಯಲ್ಲಿ ಇಲ್ಲಿನ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಗಾಳಿಯೇ ಅಷ್ಟು ಬಿಸಿಯಿರುವಾಗ ಪಡುವಣ ಗೋಡೆಯ ಮೇಲೆ ನೇರ ಬಿಸಿಲಿಗೆ ಒಡ್ಡಿಕೊಂಡ ಲೋಹದ ಕವಚ ಅದಕ್ಕಿಂತ ಬಹಳ ಹೆಚ್ಚು ಕಾಯುತ್ತದೆ. ಮನೆಬಳಕೆಯ ಕ್ಯಾಮೆರಾಗಳ ತಾಳಿಕೆಯ ಮಿತಿ ಮಾದರಿಗೆ ತಕ್ಕಂತೆ 40ರಿಂದ 60 ಡಿಗ್ರಿಯವರೆಗೆ ಬದಲಾಗುವುದರಿಂದ, ಕೊಠಡಿಯೊಳಗಿನ ಬಳಕೆಗೆಂದು ಮಾಡಿದ ಅಗ್ಗದ ಮಾದರಿಯನ್ನು ಹೊರಗೋಡೆಗೆ ಹಾಕುವುದು ಹಣ ಕಳೆದುಕೊಳ್ಳುವ ದಾರಿಯೇ ಸರಿ. ಸಜ್ಜಾದ ಕೆಳಗೆ, ಸಾಧ್ಯವಾದರೆ ಬಡಗಣ ಅಥವಾ ಮೂಡಣ ಗೋಡೆಗೆ ಅಳವಡಿಸಿದರೆ ಆಯುಷ್ಯ ಹೆಚ್ಚುತ್ತದೆ. ಎರಡನೆಯ ಎದುರಾಳಿ ದೂಳು. ಸಂಡೂರಿನ ಕಬ್ಬಿಣದ ಅದಿರು ಸಾಗುವ ರಸ್ತೆಗಳ ಬದಿಯ ಮನೆಗಳಲ್ಲಿ ಲೆನ್ಸಿನ ಮುಂದಿನ ಗಾಜಿನ ಮೇಲೆ ಕೆಂಪು ಪದರ ಬೇಗ ಕಟ್ಟುತ್ತದೆ. ಹಗಲಿನಲ್ಲಿ ಇದು ಅಷ್ಟಾಗಿ ಕಾಣದಿದ್ದರೂ ರಾತ್ರಿ ಕ್ಯಾಮೆರಾ ತಾನೇ ಬೀರುವ ಅವಕೆಂಪು ಬೆಳಕು, ಅಂದರೆ ಮನುಷ್ಯನ ಕಣ್ಣಿಗೆ ಬಹುಪಾಲು ಕಾಣದ ಕಿರಣ, ಆ ದೂಳಿನ ಕಣಗಳಿಗೆ ಬಡಿದು ಹಿಂದಿರುಗಿ ದೃಶ್ಯವನ್ನೆಲ್ಲ ಮಂಜು ಮಂಜಾಗಿಸುತ್ತದೆ. ಐಪಿ66 ಅಥವಾ ಐಪಿ67 ಎಂಬ ಗುರುತು ಕವಚದೊಳಗೆ ದೂಳು ಹೋಗದೆಂಬುದನ್ನು ಮತ್ತು ಅದು ನೀರಿಗೆ ತಡೆ ಒಡ್ಡುವುದೆಂಬುದನ್ನು ಸೂಚಿಸುತ್ತದೆಯೇ ಹೊರತು ಗಾಜು ಸ್ವಚ್ಛವಾಗಿರುತ್ತದೆಂದು ಹೇಳುವುದಿಲ್ಲ.

ತುಂಗಭದ್ರೆಯ ನೀರಾವರಿಯ ಭತ್ತದ ಸೀಮೆಯಾದ ಸಿರುಗುಪ್ಪದಲ್ಲಿ ತೊಂದರೆಯ ರೂಪ ಬೇರೆ. ಗದ್ದೆಗಳ ಅಂಚಿನ ಮನೆಗಳಲ್ಲಿ ರಾತ್ರಿ ಹುಳುಹುಪ್ಪಟೆ ಲೆನ್ಸಿನ ಸುತ್ತ ಹಾರಾಡುವುದೂ ಅವನ್ನು ಹಿಡಿಯಲು ಜೇಡ ಅಲ್ಲೇ ಬಲೆ ನೇಯುವುದೂ ಚಲನೆ ಕಂಡೊಡನೆ ಮೊಬೈಲಿಗೆ ಸೂಚನೆ ಕಳುಹಿಸುವ ಸೌಲಭ್ಯವನ್ನು ನಿರರ್ಥಕಗೊಳಿಸುತ್ತವೆ. ರಾತ್ರಿಯಿಡೀ ಸುಳ್ಳು ಸೂಚನೆ ಬಂದ ಮನೆಯವರು ಕೊನೆಗೆ ಅದನ್ನು ನಿಲ್ಲಿಸಿಬಿಡುತ್ತಾರೆ, ನಿಜವಾದ ಸೂಚನೆಯೂ ಅದರೊಡನೆ ನಿಲ್ಲುತ್ತದೆ. ಮನುಷ್ಯನ ಆಕಾರವನ್ನು ಗುರುತಿಸಿ ಸೂಚನೆ ಕೊಡುವ ಮಾದರಿಯನ್ನು ಆರಿಸುವುದು, ಸೂಚನೆಯ ವಲಯವನ್ನು ಬಾಗಿಲು ಮತ್ತು ಗೇಟಿಗಷ್ಟೇ ಸೀಮಿತಗೊಳಿಸುವುದು, ಬೆಳಕಿಗೆ ಪ್ರತ್ಯೇಕ ದೀಪವನ್ನು ಕ್ಯಾಮೆರಾದಿಂದ ನಾಲ್ಕಾರು ಅಡಿ ದೂರದಲ್ಲಿ ಹಾಕಿ ಅವಕೆಂಪು ದೀಪವನ್ನು ಆರಿಸುವುದು ಇದಕ್ಕೆ ಪರಿಹಾರ. ಸುಣ್ಣ ಬಳಿದ ಬಿಳಿ ಗೋಡೆ ಲೆನ್ಸಿನ ಪಕ್ಕದಲ್ಲೇ ಇದ್ದರೂ ಅವಕೆಂಪು ಬೆಳಕು ಅದರಿಂದ ಪುಟಿದು ದೂರದ ಅಂಗಳ ಕಪ್ಪಾಗಿ ಕಾಣುತ್ತದೆ.

ಸ್ಥಳದ ಆಯ್ಕೆಯಲ್ಲಿ ಜನ ಮಾಡುವ ದೊಡ್ಡ ತಪ್ಪು, ಒಂದೇ ಕ್ಯಾಮೆರಾದಿಂದ ಇಡೀ ಬೀದಿಯನ್ನು ನೋಡಬಯಸುವುದು. ದೃಶ್ಯದಲ್ಲಿರುವ ಅಪರಿಚಿತ ವ್ಯಕ್ತಿಯನ್ನು ಖಚಿತವಾಗಿ ಗುರುತಿಸಲು ಅವನು ನಿಂತ ಜಾಗದ ಪ್ರತಿ ಮೀಟರ್ ಅಗಲಕ್ಕೆ ಸುಮಾರು 250 ಚಿತ್ರಬಿಂದುಗಳಿರಬೇಕೆಂಬುದು ಈ ಕ್ಷೇತ್ರದ ಅಂತರರಾಷ್ಟ್ರೀಯ ಮಾನದಂಡ. 1080ಪಿ ಎಂದು ಮಾರಾಟವಾಗುವ ಕ್ಯಾಮೆರಾದ ಚಿತ್ರದ ಅಗಲ 1920 ಬಿಂದುಗಳಷ್ಟಿರುವುದರಿಂದ, ಸುಮಾರು 100 ಡಿಗ್ರಿ ವಿಸ್ತಾರ ನೋಡುವ 2.8 ಮಿಲಿಮೀಟರ್ ಲೆನ್ಸಿನಲ್ಲಿ ಈ ಸ್ಪಷ್ಟತೆ ಮೂರು ಮೀಟರ್ ದೂರಕ್ಕೆಲ್ಲ ಮುಗಿದುಹೋಗುತ್ತದೆ. ಅದರಾಚೆ ಯಾರೋ ಬಂದರೆಂದು ತಿಳಿಯುತ್ತದೆ, ಯಾರೆಂದು ತಿಳಿಯುವುದಿಲ್ಲ. ಆದ್ದರಿಂದ ಒಂದು ಕ್ಯಾಮೆರಾವನ್ನು ತಲೆಬಾಗಿಲಿಗೆ ಬರುವವರ ಮುಖ ಸಿಗುವಂತೆ ಎಂಟರಿಂದ ಹತ್ತಡಿ ಎತ್ತರದಲ್ಲಿ ಮೀಸಲಿಟ್ಟು, ಅಂಗಳ ಅಥವಾ ಹಿತ್ತಲಿನ ಒಟ್ಟು ನೋಟಕ್ಕೆ ಇನ್ನೊಂದನ್ನು ಹಾಕುವುದು ಸರಿಯಾದ ಕ್ರಮ. ಇನ್ನೂ ಮೇಲಕ್ಕೆ ಹಾಕಿದರೆ ಮುಖದ ಬದಲು ನೆತ್ತಿಯೂ ಟೋಪಿಯೂ ದಾಖಲಾಗುತ್ತವೆ. ಬಾಗಿಲು ಪೂರ್ವಕ್ಕಿರುವ ಮನೆಗಳಲ್ಲಿ ಬೆಳಗಿನ ಸೂರ್ಯ ನೇರವಾಗಿ ಲೆನ್ಸಿಗೆ ಹೊಡೆದು ಬಂದವರ ಮುಖ ಕಪ್ಪಾಗುವುದುಂಟು. ಕ್ಯಾಮೆರಾವನ್ನು ಓರೆಯಾಗಿ ತಿರುಗಿಸುವುದರಿಂದಲೂ, ಬೆಳಕು ಮತ್ತು ನೆರಳಿನ ಭಾಗಗಳನ್ನು ಬೇರೆ ಬೇರೆಯಾಗಿ ಸರಿದೂಗಿಸುವ ಡಬ್ಲ್ಯುಡಿಆರ್ ಸೌಲಭ್ಯದಿಂದಲೂ ಇದು ಕಡಿಮೆಯಾಗುತ್ತದೆ.

ಮನೆಯೊಳಗಿನ ಸಂಪರ್ಕಕ್ಕೆ ವೈಫೈ ಸುಲಭ, ತಂತಿ ಭದ್ರ. ಬೆಟ್ಟದ ಕಲ್ಲಿನ ಸೀಮೆಯಾದ ಕುರುಗೋಡಿನಂಥ ಕಡೆ ದಪ್ಪ ಕಲ್ಲುಗೋಡೆಯ ಹಳೆಯ ಮನೆಗಳಲ್ಲಿ ಪಡಸಾಲೆಯ ರೂಟರಿನಿಂದ ಹೊರಟ ಅಲೆ ಹಿತ್ತಲಿನ ಕ್ಯಾಮೆರಾ ತಲುಪುವಷ್ಟರಲ್ಲಿ ಸೊರಗುತ್ತದೆ. ವೈಫೈನ ಎರಡು ತರಂಗಪಟ್ಟಿಗಳಲ್ಲಿ 5 ಗಿಗಾಹರ್ಟ್ಸಿನದು ವೇಗದ್ದಾದರೂ ಗೋಡೆ ದಾಟುವುದರಲ್ಲಿ ದುರ್ಬಲ; 2.4 ಗಿಗಾಹರ್ಟ್ಸಿನದು ನಿಧಾನವಾದರೂ ದೂರ ಹೋಗುತ್ತದೆ. ಮನೆಬಳಕೆಯ ಅನೇಕ ಕ್ಯಾಮೆರಾಗಳು ಎರಡನೆಯದನ್ನು ಮಾತ್ರ ಹಿಡಿಯಬಲ್ಲವಾದ್ದರಿಂದ ಮೊದಲ ಜೋಡಣೆಯ ಹೊತ್ತಿಗೆ ಮೊಬೈಲೂ ಅದೇ ಪಟ್ಟಿಯಲ್ಲಿರಬೇಕು. ಹೊಸ ಕ್ಯಾಮೆರಾ ಕೆಟ್ಟಿದೆಯೆಂದು ಅಂಗಡಿಗೆ ಹಿಂದಿರುಗಿಸುವವರ ತೊಂದರೆ ಎಷ್ಟೋ ಸಲ ಇಷ್ಟೇ ಆಗಿರುತ್ತದೆ. ಹೊಸದಾಗಿ ಕಟ್ಟುವ ಮನೆಯಾದರೆ ಗಾರೆಯ ಮುನ್ನವೇ ಪೈಪಿನಲ್ಲಿ ನೆಟ್‌ವರ್ಕ್ ಕೇಬಲ್ ಎಳೆದಿಡುವುದು ಉತ್ತಮ. ಪಿಒಇ ಎಂಬ ವಿಧಾನದಲ್ಲಿ ಅದೇ ಕೇಬಲ್ ವಿದ್ಯುತ್ತನ್ನೂ ದೃಶ್ಯವನ್ನೂ 100 ಮೀಟರಿನವರೆಗೆ ಒಯ್ಯುತ್ತದೆ.

ಜೆಸ್ಕಾಂ ಪೂರೈಸುವ ವಿದ್ಯುತ್ ಕಡಿತವಾದಾಗ ಕ್ಯಾಮೆರಾ ಮತ್ತು ರೂಟರ್ ಎರಡೂ ಕಣ್ಣು ಮುಚ್ಚುತ್ತವೆ, ಕತ್ತಲಿನ ಆ ಹೊತ್ತೇ ಕಾವಲು ಬೇಕಾದ ಹೊತ್ತು. ಮನೆಗೆ ಇನ್ವರ್ಟರ್ ಇದ್ದರೆ ಎರಡನ್ನೂ ಅದರ ಲೈನಿಗೆ ತರಬೇಕು. ಇಲ್ಲದಿದ್ದರೆ ರೂಟರಿಗೂ ಕ್ಯಾಮೆರಾಕ್ಕೂ ಅವು ಕೇಳುವ ವೋಲ್ಟಿಗೆ ಹೊಂದುವ ಪುಟ್ಟ ಯುಪಿಎಸ್ ಸಾಕು, ಏಕೆಂದರೆ ಒಂದೊಂದು ಕ್ಯಾಮೆರಾ ಎಳೆಯುವುದು ಕೆಲವೇ ವ್ಯಾಟ್. ಇಂಟರ್‌ನೆಟ್ ಕಡಿದರೂ ದಾಖಲೆ ನಿಲ್ಲದಂತೆ ಮೆಮೊರಿ ಕಾರ್ಡ್ ಅಥವಾ ಎನ್‌ವಿಆರ್ ಎಂಬ ಜಾಲ ರೆಕಾರ್ಡರ್ ಮನೆಯಲ್ಲೇ ಇರಬೇಕು; ತಯಾರಕರ ದೂರದ ಸರ್ವರಿನಲ್ಲಿ, ಅಂದರೆ ಕ್ಲೌಡಿನಲ್ಲಿ, ಬಾಡಿಗೆಗೆ ಸಿಗುವ ಜಾಗ ಅದಕ್ಕೆ ಪೂರಕವೇ ಹೊರತು ಬದಲಿಯಲ್ಲ. ಸೆಕೆಂಡಿಗೆ 2 ಮೆಗಾಬಿಟ್ ವೇಗದಲ್ಲಿ ಬಿಡುವಿಲ್ಲದೆ ದಾಖಲಿಸುವ ಕ್ಯಾಮೆರಾ ದಿನಕ್ಕೆ 21.6 ಗಿಗಾಬೈಟ್ ತುಂಬಿಸುತ್ತದೆ. 128 ಗಿಗಾಬೈಟಿನ ಕಾರ್ಡು ಐದಾರು ದಿನಕ್ಕೆ ತುಂಬಿ ಹಳೆಯದರ ಮೇಲೆ ಹೊಸದನ್ನು ಬರೆಯತೊಡಗುತ್ತದೆ. ನಾಲ್ಕು ಕ್ಯಾಮೆರಾಗಳ 30 ದಿನಗಳ ದಾಖಲೆಗೆ ಸುಮಾರು 2.6 ಟೆರಾಬೈಟ್ ಬೇಕು. ಎಚ್.264ರ ಬದಲು 2013ರಲ್ಲಿ ಬಂದ ಎಚ್.265 ಸಂಕೋಚನ ವಿಧಾನವನ್ನು ಆರಿಸಿದರೆ ಅದೇ ಗುಣಮಟ್ಟಕ್ಕೆ ಹತ್ತಿರಹತ್ತಿರ ಅರ್ಧದಷ್ಟು ಜಾಗ ಸಾಕಾಗುತ್ತದೆ. ಮೆಣಸಿನಕಾಯಿ ಒಣಗುವ ಕಣದಲ್ಲೋ ಪಂಪ್‌ಸೆಟ್ಟಿನ ಬಳಿಯೋ ಸೌರಫಲಕದೊಂದಿಗೆ ನಿಲ್ಲಿಸುವ ಸಿಮ್ ಕ್ಯಾಮೆರಾಕ್ಕೆ ಈ ಲೆಕ್ಕ ಇನ್ನೂ ಮುಖ್ಯ: ಬಿಡುವಿಲ್ಲದ ನೇರಪ್ರಸಾರ ದಿನದ ಡೇಟಾವನ್ನು ಕೆಲವೇ ಗಂಟೆಗಳಲ್ಲಿ ನುಂಗುವುದರಿಂದ, ಚಲನೆ ಕಂಡಾಗ ಮಾತ್ರ ಎಚ್ಚರಗೊಳ್ಳುವಂತೆ ಅದನ್ನು ಹೊಂದಿಸಬೇಕು.

ಅಳವಡಿಕೆಯ ಕೆಲಸವನ್ನು ಗೋಡೆಗೆ ರಂಧ್ರ ಕೊರೆಯುವುದರಿಂದ ಆರಂಭಿಸಬಾರದು. ಕ್ಯಾಮೆರಾವನ್ನು ಮೊದಲು ರೂಟರಿನ ಪಕ್ಕದಲ್ಲಿಟ್ಟು ವಿದ್ಯುತ್ ಕೊಟ್ಟು, ತಯಾರಕರ ಆ್ಯಪನ್ನು ಅಧಿಕೃತ ಆ್ಯಪ್ ಅಂಗಡಿಯಿಂದಲೇ ಇಳಿಸಿಕೊಂಡು, ಕ್ಯಾಮೆರಾದ ಮೈಮೇಲಿನ ಕ್ಯುಆರ್ ಸಂಕೇತವನ್ನು ಓದಿಸಿ ಜೋಡಿಸಬೇಕು. ಖಾತೆ ತೆರೆಯುವ ಮೊಬೈಲ್ ಸಂಖ್ಯೆ ಮನೆಯ ಯಜಮಾನ ಅಥವಾ ಯಜಮಾನಿಯದೇ ಆಗಿರಬೇಕೆಂಬುದು ಇಲ್ಲಿನ ಅತ್ಯಂತ ಮುಖ್ಯ ಮಾತು. ಅಳವಡಿಸಿಕೊಡುವವರು ಅನುಕೂಲಕ್ಕೆಂದು ತಮ್ಮ ಸಂಖ್ಯೆಯಲ್ಲಿ ಖಾತೆ ತೆರೆದು ಮನೆಯವರಿಗೆ ನೋಡಲು ಅನುಮತಿ ಹಂಚಿಕೊಟ್ಟರೆ, ಆ ಮನೆಯ ನಿಜವಾದ ಕೀಲಿಕೈ ಹೊರಗಿನವರ ಬಳಿ ಉಳಿದಂತಾಯಿತು. ಅನಂತರ ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ದೃಢೀಕರಣ, ಅಂದರೆ ಪಾಸ್‌ವರ್ಡಿನ ಜೊತೆಗೆ ಮೊಬೈಲಿಗೆ ಬರುವ ಒಟಿಪಿಯನ್ನೂ ಕೇಳುವ ವ್ಯವಸ್ಥೆಯನ್ನು ಚಾಲೂ ಮಾಡಿ, ತಂತ್ರಾಂಶವನ್ನು ನವೀಕರಿಸಿ, ಗಡಿಯಾರವನ್ನು ಭಾರತೀಯ ಕಾಲಮಾನಕ್ಕೆ ಹೊಂದಿಸಬೇಕು. ಕ್ಯಾಮೆರಾ ನಿಲ್ಲುವ ಜಾಗದಲ್ಲಿ ಅದನ್ನು ಕೈಯಲ್ಲಿ ಹಿಡಿದು ಹಗಲೂ ರಾತ್ರಿಯೂ ಚಿತ್ರ ನೋಡಿದ ಮೇಲೆಯೇ ಬಿಗಿಯುವುದು ಲೇಸು.

ಪಾಸ್‌ವರ್ಡಿನ ಉದಾಸೀನ ಎಂಥ ಪರಿಣಾಮಕ್ಕೆ ದಾರಿಮಾಡಬಲ್ಲದು ಎಂಬುದಕ್ಕೆ ಮಿರಾಯ್ ಪ್ರಕರಣ ಸಾಕ್ಷಿ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡುಗಳನ್ನು ಬದಲಿಸದೆ ಬಿಟ್ಟಿದ್ದ ಕ್ಯಾಮೆರಾ, ಡಿವಿಆರ್ ಮತ್ತು ರೂಟರುಗಳನ್ನು, ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡಿನ ಅಂಥ ಅರವತ್ತಕ್ಕೂ ಹೆಚ್ಚು ಜೋಡಿಗಳ ಚಿಕ್ಕ ಪಟ್ಟಿಯೊಂದರಿಂದಲೇ ವಶಪಡಿಸಿಕೊಂಡ ಈ ದುಷ್ಟ ತಂತ್ರಾಂಶ, 2016ರ ಅಕ್ಟೋಬರ್ 21ರಂದು ಜಾಲತಾಣಗಳ ವಿಳಾಸ ಹುಡುಕಿಕೊಡುವ ಅಮೆರಿಕದ ಡೈನ್ ಸಂಸ್ಥೆಯ ಮೇಲೆ ಅವೆಲ್ಲವನ್ನೂ ಒಮ್ಮೆಲೇ ನುಗ್ಗಿಸಿ ಹಲವು ದೊಡ್ಡ ಜಾಲತಾಣಗಳನ್ನು ಸ್ಥಗಿತಗೊಳಿಸಿತು. ಭಾರತದಲ್ಲೇ, ಗುಜರಾತಿನ ರಾಜಕೋಟ್‌ನ ಹೆರಿಗೆ ಆಸ್ಪತ್ರೆಯೊಂದರ ಕ್ಯಾಮೆರಾ ದೃಶ್ಯಗಳು ಕದ್ದು ಮಾರಾಟವಾದದ್ದು 2025ರಲ್ಲಿ ಬಯಲಾಯಿತು. ಚಿಕಿತ್ಸೆಗೆ ಬಂದ ಹೆಣ್ಣುಮಕ್ಕಳ ಮಾನಕ್ಕೆ ಧಕ್ಕೆ ತಂದ ಆ ಕಳವಿನ ಮೂಲದಲ್ಲಿದ್ದುದೂ ಯಾರೂ ಊಹಿಸಬಹುದಾದ ಪಾಸ್‌ವರ್ಡು. ಮಲಗುವ ಕೋಣೆ, ಬಾಣಂತಿಯ ಕೋಣೆ, ಬಚ್ಚಲಿನ ಹಾದಿಗಳಲ್ಲಿ ಕ್ಯಾಮೆರಾ ಇಡಲೇಬಾರದು ಎನ್ನುವುದಕ್ಕೆ ಬೇರೆ ಕಾರಣ ಬೇಡ. ಕ್ಯಾಮೆರಾಗಳಿಗೆ ರೂಟರಿನ ಅತಿಥಿ ಜಾಲವನ್ನು ಮೀಸಲಿಟ್ಟು ಬ್ಯಾಂಕ್ ವ್ಯವಹಾರದ ಮೊಬೈಲ್, ಕಂಪ್ಯೂಟರುಗಳಿಂದ ಬೇರ್ಪಡಿಸುವುದೂ, ಹೊರಗಿನವರಿಗೆ ತಾನಾಗಿ ದಾರಿ ತೆರೆಯುವ ಯುಪಿಎನ್‌ಪಿ ಸೌಲಭ್ಯವನ್ನು ರೂಟರಿನಲ್ಲಿ ಮುಚ್ಚುವುದೂ ಖರ್ಚಿಲ್ಲದ ರಕ್ಷಣೆಗಳು. ಕೇಂದ್ರ ಸರ್ಕಾರ 2024ರ ಏಪ್ರಿಲ್‌ನಲ್ಲಿ ಹೊರಡಿಸಿದ ಅಧಿಸೂಚನೆಯ ಪ್ರಕಾರ, 2025ರ ಏಪ್ರಿಲ್‌ನಿಂದ ಈ ಕ್ಯಾಮೆರಾಗಳು ಭೌತಿಕ ಭದ್ರತೆ, ಪ್ರವೇಶ ನಿಯಂತ್ರಣ, ದತ್ತಾಂಶದ ಗೂಢಲಿಪೀಕರಣ ಮೊದಲಾದ ಪರೀಕ್ಷೆಗಳಿಗೆ ಒಳಪಡುವುದು ಕಡ್ಡಾಯವಾಗಿದೆ.

ಎದುರುಬದುರು ಬಾಗಿಲುಗಳ ಇಕ್ಕಟ್ಟಿನ ಓಣಿಗಳಲ್ಲಿ ನೆರೆಮನೆಯ ಪ್ರಶ್ನೆ ತಾಂತ್ರಿಕ ಪ್ರಶ್ನೆಗಿಂತ ಸೂಕ್ಷ್ಮ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಒಂದೇ ಮನೆಯಲ್ಲಿ ವಾಸಿಸುವವರ ಒಪ್ಪಿಗೆಯಿಲ್ಲದೆ ವಾಸದ ಭಾಗದೊಳಗೆ ಕ್ಯಾಮೆರಾ ನಡೆಸುವುದು ಆ ಹಕ್ಕಿನ ಉಲ್ಲಂಘನೆಯೆಂದು ಕಲ್ಕತ್ತಾ ಹೈಕೋರ್ಟ್ 2025ರಲ್ಲಿ ತೀರ್ಪಿತ್ತಿತು. ಸುಪ್ರೀಂ ಕೋರ್ಟ್ ಅದರಲ್ಲಿ ಹಸ್ತಕ್ಷೇಪ ಮಾಡಲಿಲ್ಲ. ಅಣ್ಣತಮ್ಮಂದಿರು ಪಾಲಾಗಿ ಒಂದೇ ಅಂಗಳ ಹಂಚಿಕೊಂಡಿರುವ ಮನೆಗಳಿಗೆ ಈ ತೀರ್ಪು ಗಮನಾರ್ಹ. ಎದುರುಮನೆಯ ಬಾಗಿಲು ಅಥವಾ ಕಿಟಕಿ ಚೌಕಟ್ಟಿನೊಳಗೆ ಬಂದರೆ, ಆ ಭಾಗವನ್ನು ಕಪ್ಪು ಪಟ್ಟಿಯಿಂದ ಶಾಶ್ವತವಾಗಿ ಮರೆಮಾಡುವ ಪ್ರೈವೆಸಿ ಮಾಸ್ಕ್ ಸೌಲಭ್ಯವನ್ನು ಬಳಸಿ, ಆ ಮನೆಯವರಿಗೆ ತೋರಿಸಿಬಿಡುವುದು ಕಾನೂನಿಗೂ ನೆರೆಹೊರೆಯ ಬಾಳ್ವೆಗೂ ಒಪ್ಪುವ ನಡೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ವ್ಯಕ್ತಿಯೊಬ್ಬರ ಗೃಹಬಳಕೆಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಆದರೆ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಗೆಯ ಕೆಲಸ ಎಷ್ಟೋ ಕಡೆ ಮನೆಯಲ್ಲೇ ನಡೆಯುತ್ತದೆ. ಕೆಲಸಕ್ಕೆ ಬರುವವರ ಮೇಲೆ ಕ್ಯಾಮೆರಾ ತಿರುಗಿದ ಕೂಡಲೇ ಅದು ಗೃಹಬಳಕೆಯೆನಿಸಿಕೊಳ್ಳುವುದು ಕಷ್ಟ, ಆದ್ದರಿಂದ ಅವರಿಗೆ ತಿಳಿಸಿ, ಫಲಕ ಹಾಕಿ, ಒಪ್ಪಿಗೆ ಪಡೆಯುವುದು ಲೇಸು.

ಕಳವಾದಾಗ ದೃಶ್ಯ ಸಾಕ್ಷ್ಯವಾಗಬೇಕಾದರೆ ಕೆಲವು ಎಚ್ಚರಿಕೆಗಳು ಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಪ್ರಕರಣದಂತೆ ಎಲೆಕ್ಟ್ರಾನಿಕ್ ದಾಖಲೆಯ ಪ್ರತಿಯೊಂದಿಗೆ ಸಾಧನದ ಹೊಣೆ ಹೊತ್ತವರ ಮತ್ತು ತಜ್ಞರ ಪ್ರಮಾಣಪತ್ರ ಇರಬೇಕು. ಅದರಲ್ಲಿ ಕಡತದ ಹ್ಯಾಶ್ ಮೌಲ್ಯವನ್ನು, ಅಂದರೆ ಕಡತದಲ್ಲಿ ಒಂದು ಬಿಂದು ಬದಲಾದರೂ ಬದಲಾಗುವ ಗಣಿತದ ಗುರುತನ್ನು ನಮೂದಿಸಬೇಕು. ಮೊಬೈಲ್ ಪರದೆಯನ್ನು ಇನ್ನೊಂದು ಮೊಬೈಲಿನಲ್ಲಿ ಚಿತ್ರೀಕರಿಸಿ ವಾಟ್ಸ್ಆ್ಯಪ್ ಗುಂಪುಗಳಿಗೆ ಹರಿಬಿಡುವುದರಿಂದ ಸಾಕ್ಷ್ಯ ಬಲಗೊಳ್ಳುವುದಿಲ್ಲ, ನಿರಪರಾಧಿಯೊಬ್ಬ ಊರಿನ ಬಾಯಿಗೆ ಬೀಳುವ ಅಪಾಯವಂತೂ ಇದೆ. ಘಟನೆ ತಿಳಿದ ಕೂಡಲೇ ಹಳೆಯ ದೃಶ್ಯ ಅಳಿಯದಂತೆ ದಾಖಲೆ ನಿಲ್ಲಿಸಿ, ಆ ಬಳಿಕ ಕಾರ್ಡು ಅಥವಾ ರೆಕಾರ್ಡರನ್ನು ಮುಟ್ಟದೆ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಬೇಕು. ಕ್ಯಾಮೆರಾವನ್ನೇ ಯಾರೋ ವಶಪಡಿಸಿಕೊಂಡ ಅನುಮಾನವಿದ್ದರೆ ಅದನ್ನು ಜಾಲದಿಂದ ಕಳಚಿ, ಜಿಲ್ಲೆಯ ಸೈಬರ್ ಅಪರಾಧ ಪೊಲೀಸ್ ಠಾಣೆಗೆ ದೂರು ಕೊಡಬೇಕು. ಹಣವೂ ಹೋಗಿದ್ದರೆ ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಬೇಕು.

ನಿರ್ವಹಣೆಯ ಕೆಲಸ ಚಿಕ್ಕದು, ಆದರೆ ತಪ್ಪಬಾರದು. ದೂಳಿನ ಬೀದಿಗಳಲ್ಲಿ ವಾರಕ್ಕೊಮ್ಮೆ ಮೆತ್ತನೆಯ ಒದ್ದೆಬಟ್ಟೆಯಿಂದ ಗಾಜು ಒರೆಸಬೇಕು, ತಿಂಗಳಿಗೊಮ್ಮೆ ಹಿಂದಿನ ದಿನಗಳ ದೃಶ್ಯವೊಂದನ್ನು ತೆರೆದು ನೋಡಬೇಕು. ಮೆಮೊರಿ ಕಾರ್ಡು ಬರೆದು ಅಳಿಸುತ್ತಲೇ ಸವೆಯುವುದರಿಂದ, ನೇರ ಚಿತ್ರ ಚೆನ್ನಾಗಿ ಬರುತ್ತಿದ್ದರೂ ದಾಖಲೆ ನಿಂತುಹೋಗಿರುವುದು ಸಾಧ್ಯ. ಮನೆ ಬದಲಿಸುವಾಗ ಅಥವಾ ಕ್ಯಾಮೆರಾವನ್ನು ಮಾರುವಾಗ ಕಾರ್ಡನ್ನು ತೆಗೆದಿಟ್ಟುಕೊಂಡು, ಆ್ಯಪಿನ ಖಾತೆಯಿಂದ ಸಾಧನವನ್ನು ಬಿಡಿಸಿ, ರೀಸೆಟ್ ಗುಂಡಿಯೊತ್ತಿ ಕಾರ್ಖಾನೆಯ ಸ್ಥಿತಿಗೆ ತಂದ ಮೇಲೆಯೇ ಬೇರೆಯವರ ಕೈಗೆ ಕೊಡಬೇಕು.